ದುಡ್ಡಿನ ಕಷ್ಟ, ಸಾಲದ ಅವಮಾನ, ನಗರದ ಆತ್ಮಹತ್ಯೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಈ ಪುಟ ತೆರೆದಿರುವ ನಿಮಗೇ ಬದುಕು ಸಾಕು ಅನ್ನಿಸುತ್ತಿದ್ದರೆ ಅಂಕಿ ಅಂಶ ಆಮೇಲೆ ಓದಿ. ಈಗಲೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಕ್ಷಣವೇ ಜೀವಕ್ಕೆ ಅಪಾಯ ಇದ್ದರೆ 112. ಹತ್ತಿರ ಯಾರಿದ್ದಾರೋ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಉಳಿದವರಿಗೆ: ನಗರದ ಬದುಕು, ದುಡ್ಡಿನ ಕಷ್ಟ, ಆತ್ಮಹತ್ಯೆ. ಈ ಮೂರರ ನಡುವಿನ ನಂಟಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಸಾವಿನ ಅಂಕಿಗಳು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ವರ್ಷ ವರ್ಷ ಹೊರತರುವ ವರದಿಯವು.

ನಗರಗಳಲ್ಲಿ ಆತ್ಮಹತ್ಯೆ ಜಾಸ್ತಿ ಅನ್ನುವುದು ನಿಜವಾ?

ವರದಿಯ ಪ್ರಕಾರ ಹೌದು. 2021ರಲ್ಲಿ ದೇಶದಲ್ಲಿ 1,64,033 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಲಕ್ಷ ಜನಕ್ಕೆ 12 ಮಂದಿ. ಅದೇ ವರ್ಷ 53 ಮಹಾನಗರಗಳಲ್ಲಿ 25,891 ಸಾವು, ಲಕ್ಷಕ್ಕೆ 16.1. ಇದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ನಾಲ್ಕೇ ಊರುಗಳದ್ದು: ದೆಹಲಿ 2,760, ಚೆನ್ನೈ 2,699, ಬೆಂಗಳೂರು 2,292, ಮುಂಬೈ 1,436. 2022ರಲ್ಲಿ ದೇಶದ ಒಟ್ಟು ಲೆಕ್ಕ 1,70,924ಕ್ಕೆ ಏರಿತು. ಬೆಂಗಳೂರಿನದು 2,313 ಆಯಿತು.

ಆದರೆ ಲಕ್ಷಕ್ಕೆ ಎಷ್ಟು ಅನ್ನುವ ಅಂಕಿಯನ್ನು ಹುಷಾರಾಗಿ ಓದಬೇಕು. ದೇಶದ ದರ ಲೆಕ್ಕ ಹಾಕುವಾಗ ಆಯಾ ವರ್ಷದ ಅಂದಾಜು ಜನಸಂಖ್ಯೆ ತೆಗೆದುಕೊಳ್ಳುತ್ತಾರೆ. ನಗರಗಳಿಗೆ ಮಾತ್ರ 2011ರ ಜನಗಣತಿಯ ಸಂಖ್ಯೆಯೇ ಇನ್ನೂ ನಡೆಯುತ್ತಿದೆ. ಆಗ ಬೆಂಗಳೂರಿನಲ್ಲಿ ಇದ್ದದ್ದು 85 ಲಕ್ಷ ಜನ. 2,313 ಸಾವನ್ನು ಅದರಿಂದ ಭಾಗಿಸಿದರೆ ಲಕ್ಷಕ್ಕೆ 27 ಬರುತ್ತದೆ. ಇವತ್ತು ಊರು ಒಂದೂಕಾಲು ಕೋಟಿ ದಾಟಿದೆ ಅಂತ ಇಟ್ಟುಕೊಂಡರೆ ಅದೇ ಸಾವುಗಳು 18ರ ಸುತ್ತ ಬಂದು ನಿಲ್ಲುತ್ತವೆ. ಟಿವಿಯಲ್ಲಿ ‘ಬೆಂಗಳೂರು ಆತ್ಮಹತ್ಯೆಗಳ ರಾಜಧಾನಿ’ ಅಂತ ಕೂಗುವಾಗ ಈ ವಿಷಯ ಯಾರೂ ಹೇಳುವುದಿಲ್ಲ. 18 ಆದರೂ ದೇಶದ ಸರಾಸರಿಗಿಂತ ಜಾಸ್ತಿಯೇ, ಅಲ್ವಾ? ಸಮಸ್ಯೆ ದೊಡ್ಡದೇ. ಅದನ್ನು ಹಿಗ್ಗಿಸಿ ಹೇಳಬೇಕಾದ ಅಗತ್ಯವಿಲ್ಲ.

ಸಾಯುತ್ತಿರುವವರು ಯಾರು?

ನನ್ನನ್ನು ಅತಿ ಹೆಚ್ಚು ಕಾಡುವ ಅಂಕಿ ಇದು. 2014ರಲ್ಲಿ ದೇಶದ ಆತ್ಮಹತ್ಯೆಗಳಲ್ಲಿ ದಿನಗೂಲಿಗಳ ಪಾಲು ಶೇ 12. 2021ರ ಹೊತ್ತಿಗೆ ಅದು ಶೇ 25.6 ಆಯಿತು. ಒಂದೇ ವರ್ಷದಲ್ಲಿ 42,004 ದಿನಗೂಲಿಗಳು. ಹೊಲದ ಕೂಲಿಗಳನ್ನು ಬೇರೆಯಾಗಿ ಎಣಿಸುತ್ತಾರೆ, ಅವರು ಇದರಲ್ಲಿಲ್ಲ. ಅಂದರೆ ಇವರು ಗಾರೆ ಕೆಲಸದವರು, ಲೋಡಿಂಗ್ ಕೆಲಸದವರು, ಪೇಂಟರ್‌ಗಳು, ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತು ಕೆಲಸಕ್ಕೆ ಕಾಯುವವರು. ಅದೇ ವರ್ಷ ರೈತರು ಮತ್ತು ಕೃಷಿ ಕೂಲಿಗಳು ಸೇರಿ 10,881 ಜನ. ರೈತರ ಸಾವಿನ ಬಗ್ಗೆ ನಾವು ಮಾತಾಡುವುದು ಸರಿಯಾಗಿಯೇ ಇದೆ. ಅದರ ಹೆಚ್ಚು ಕಡಿಮೆ ನಾಲ್ಕು ಪಟ್ಟು ದಿನಗೂಲಿಗಳು ಹೋದಾಗ ವಿಧಾನಸೌಧದಲ್ಲಿ ಒಂದು ಚರ್ಚೆಯೂ ಆಗದಿದ್ದರೆ ಅದು ಸರಿಯಲ್ಲ.

ಆದಾಯದ ಲೆಕ್ಕವೂ ಇದನ್ನೇ ಹೇಳುತ್ತದೆ. 2021ರಲ್ಲಿ ತೀರಿಕೊಂಡವರಲ್ಲಿ ಶೇ 64.2 ಜನರ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಗಿಂತ ಕಡಿಮೆ. ತಿಂಗಳಿಗೆ 8,300 ರೂಪಾಯಿ ಅನ್ನಿ. ಬೆಂಗಳೂರಿನ ಹೊರವಲಯದಲ್ಲಿ ಶೀಟಿನ ಮನೆಯ ಬಾಡಿಗೆ, ನೀರು, ಕರೆಂಟು ಕೊಟ್ಟರೆ ಅದರಲ್ಲಿ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಸಾಲದಿಂದ ಸಾಯುವವರು ಶೇ 4 ಕೂಡ ಇಲ್ಲವಂತೆ. ಮತ್ತೆ ದುಡ್ಡಿನ ಮಾತು ಯಾಕೆ?

ವರದಿಯಲ್ಲಿ ಹಾಗೇ ಇದೆ. 2021ರಲ್ಲಿ ಸಾಲ ಅಥವಾ ದಿವಾಳಿ ಶೇ 3.9, ನಿರುದ್ಯೋಗ ಶೇ 2.2, ಬಡತನ ಶೇ 1.1. ದೊಡ್ಡ ಪಾಲು ‘ಕೌಟುಂಬಿಕ ಸಮಸ್ಯೆ’ಯದ್ದು, ಶೇ 33.2. ಆಮೇಲೆ ‘ಕಾಯಿಲೆ’, ಶೇ 18.6. ಕುಡಿತ ಮತ್ತು ಡ್ರಗ್ಸ್ ಚಟ ಶೇ 6.4.

ಈ ಅಂಕಿ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಸಾವಾದಾಗ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಅಳುತ್ತಿರುವ ಮನೆಯವರನ್ನು ‘ಏನಾಗಿತ್ತು?’ ಅಂತ ಕೇಳುತ್ತಾರೆ. ‘ಮನೇಲಿ ಜಗಳ ಆಗಿತ್ತು ಸಾರ್’ ಅನ್ನುತ್ತಾರೆ. ಕೌಟುಂಬಿಕ ಸಮಸ್ಯೆ ಅಂತ ದಾಖಲಾಗುತ್ತದೆ. ಜಗಳ ಯಾಕಾಯಿತು ಅಂದರೆ ಬಾಡಿಗೆ ಎರಡು ತಿಂಗಳು ಬಾಕಿ ಇತ್ತು. ಬಾಕಿ ಯಾಕಾಯಿತು ಅಂದರೆ ಮೇಸ್ತ್ರಿ ದುಡ್ಡು ಕೊಟ್ಟಿರಲಿಲ್ಲ. ಇಷ್ಟೆಲ್ಲಾ ಬರೆಯಲು ಅಲ್ಲಿ ಜಾಗವಿಲ್ಲ, ಒಬ್ಬರಿಗೆ ಒಂದೇ ಕಾರಣ. ‘ಕಾಯಿಲೆ’ ಅಂತ ಬರೆದ ಕಡೆಯೂ ಅಷ್ಟೇ. ಆಪರೇಷನ್‌ಗೆ ಮಾಡಿದ ಕೈಸಾಲ ಅಲ್ಲಿ ಕಾಣುವುದಿಲ್ಲ.

ಹಾಗಂತ ಎಲ್ಲಾ ಸಾವಿಗೂ ದುಡ್ಡೇ ಮೂಲ ಅಂತಲ್ಲ. ಖಿನ್ನತೆ, ಕುಡಿತ, ಹಿಂಸೆ, ಒಂಟಿತನ ಎಲ್ಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಒಂದೇ ಕಾರಣ ಹುಡುಕುವುದು ತಪ್ಪು. ದುಡ್ಡಿನ ಪಾಲು ಬರೀ ಶೇ 3.9 ಅಂತ ಮುಚ್ಚಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಬಡತನವೇ ಕಾರಣ ಅಂದರೆ ಬಿಹಾರದಲ್ಲಿ ಯಾಕೆ ಇಷ್ಟು ಕಡಿಮೆ?

ಒಳ್ಳೆಯ ಪ್ರಶ್ನೆ. 2021ರಲ್ಲಿ ಬಿಹಾರದ ದರ ಲಕ್ಷಕ್ಕೆ 0.7. ಕೇರಳದ್ದು 26.9. ಓದು, ಆಸ್ಪತ್ರೆ, ಆದಾಯ ಎಲ್ಲದರಲ್ಲೂ ಮುಂದಿರುವ ರಾಜ್ಯದಲ್ಲಿ ಜಾಸ್ತಿ. ಇದರಲ್ಲಿ ಒಂದು ಪಾಲು ದಾಖಲೆಯದ್ದು. ಸಾವು ಠಾಣೆಯವರೆಗೆ ಹೋದರೆ ತಾನೇ ಲೆಕ್ಕಕ್ಕೆ ಸಿಗುವುದು? ಮಾನ ಹೋಗುತ್ತದೆ ಅಂತ ಬೇರೆ ಕಾರಣ ಹೇಳಿ ಮುಗಿಸುವ ಮನೆಗಳು ಎಲ್ಲಾ ಕಡೆ ಇವೆ, ಕೆಲವು ಕಡೆ ತುಂಬಾ ಜಾಸ್ತಿ.

ಇನ್ನೊಂದು ಪಾಲು ನಿಜವಾದದ್ದು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಗಮನಿಸಿದ್ದರು: ಬರೀ ಬಡತನಕ್ಕಿಂತ ಹಠಾತ್ ಏರುಪೇರು ಜನರನ್ನು ಹೆಚ್ಚು ಅಲುಗಾಡಿಸುತ್ತದೆ. ಜನರ ನಡುವಿನ ಕಟ್ಟು ಸಡಿಲವಾದ ಕಡೆ ಆತ್ಮಹತ್ಯೆ ಹೆಚ್ಚು. ಊರಿನಲ್ಲಿ ಬಡವನಾಗಿದ್ದವನಿಗೆ ಬಡತನ ಹೊಸದಲ್ಲ, ಸುತ್ತ ನೆಂಟರಿರುತ್ತಾರೆ. ಊರಿಗೆಲ್ಲಾ ‘ಬೆಂಗಳೂರಲ್ಲಿ ಚೆನ್ನಾಗಿದೀನಿ’ ಅಂತ ಹೇಳಿಕೊಂಡು, ತಂಗಿ ಮದುವೆಗೆ ಸಾಲ ತೆಗೆದು, ಆಮೇಲೆ ಕೆಲಸ ಕಳಕೊಂಡವನು ವಾಪಸ್ ಹೋಗಲಾರ, ಯಾರ ಹತ್ತಿರ ಹೇಳಿಕೊಳ್ಳಲೂ ಆರ. ಬಡತನದ ಜತೆ ಈ ಅವಮಾನ, ಈ ಒಂಟಿತನ ಸೇರಿದಾಗ ಅಪಾಯ ಹೆಚ್ಚುತ್ತದೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಸಾಮಾಜಿಕ ಅಸಮಾನತೆಗೂ ಇದಕ್ಕೂ ಏನು ಸಂಬಂಧ? ಪಕ್ಕದವರನ್ನು ನೋಡಿ ಹೊಟ್ಟೆಕಿಚ್ಚು ಪಡುವುದಾ?

ಅಲ್ಲ. ಕಷ್ಟ ಬಂದಾಗ ತಡೆದುಕೊಳ್ಳಲು ಯಾರಿಗೆ ಏನಿದೆ ಅನ್ನುವುದೇ ಅಸಮಾನತೆ. ಒಂದೇ ತಿಂಗಳು ಸಂಬಳ ತಡವಾಯಿತು ಅನ್ನಿ. ಉಳಿತಾಯ ಇರುವವರಿಗೆ ಅದು ಕಿರಿಕಿರಿ. ಹನ್ನೆರಡು ಗಂಟೆ ಡ್ಯೂಟಿ ಮಾಡುವ ಸೆಕ್ಯೂರಿಟಿ ಗಾರ್ಡಿಗೆ ಅದು ಮಗಳ ಫೀಸು, ಅಂಗಡಿಯ ಉದ್ರಿ, ಮೀಟರ್ ಬಡ್ಡಿ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಕೂತುಬಿಟ್ಟರು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಗಲಾಟೆ ಯಾಕೆ ಅಂತ ಕೆಲವರು ಕೇಳಿದರು. ಎಷ್ಟೋ ಮನೆಗಳಿಗೆ ಕಷ್ಟಕಾಲದಲ್ಲಿ ಬಡ್ಡಿಯಿಲ್ಲದೆ ಸಿಗುವ ದುಡ್ಡು ಅದೊಂದೇ. ಮದುವೆಗೋ ಆಸ್ಪತ್ರೆಗೋ ಕೆಲಸ ಬಿಟ್ಟು ಪಿಎಫ್ ತೆಗೆಯುವುದು ಅವರ ಲೆಕ್ಕಾಚಾರದ ಭಾಗ. ಅದನ್ನೇ ಮುಚ್ಚಿದರೆ ಉಳಿಯುವುದು ಬಡ್ಡಿ ಅಂಗಡಿ ಮಾತ್ರ.

ಜಾತಿಯ ಮಾತೂ ಇಲ್ಲೇ ಬರಬೇಕು. ಬಾಡಿಗೆ ಮನೆ ಕೇಳುವಾಗ, ಹಾಸ್ಟೆಲ್‌ನಲ್ಲಿ, ಕೆಲಸದ ಜಾಗದಲ್ಲಿ ದಿನವೂ ಕುಗ್ಗಿಸಿಕೊಳ್ಳುವವರ ಮನಸ್ಸಿನ ಮೇಲೆ ಬೀಳುವ ಭಾರ ಬೇರೆಯೇ. ಆದರೆ ಎನ್‌ಸಿಆರ್‌ಬಿಯ ಆತ್ಮಹತ್ಯೆ ವರದಿಯಲ್ಲಿ ಜಾತಿವಾರು ಪಟ್ಟಿಯೇ ಇಲ್ಲ. ವೃತ್ತಿ ಇದೆ, ವಿದ್ಯೆ ಇದೆ, ಆದಾಯ ಇದೆ. ಜಾತಿ ಇಲ್ಲ. ಈ ಪಟ್ಟಿ ಬರಲೇಬೇಕು.

ಸಂಘದ ಸಾಲ ಹೆಣ್ಣುಮಕ್ಕಳಿಗೆ ಒಳ್ಳೆಯದೇ ಅಲ್ವಾ? ಅದು ಹೇಗೆ ಉರುಳಾಗುತ್ತದೆ?

ಒಳ್ಳೆಯದು ಮಾಡಿದ್ದೂ ಇದೆ. ಹೊಲಿಗೆ ಮಷಿನ್ ಬಂದಿದೆ, ಹಸು ಬಂದಿದೆ, ತಳ್ಳುಗಾಡಿ ಬಂದಿದೆ. ಸಾಲಕ್ಕಿಂತ ಅದನ್ನು ವಸೂಲಿ ಮಾಡುವ ರೀತಿಯಲ್ಲಿ ಸಮಸ್ಯೆ ಇದೆ.

ಪೀಣ್ಯದ ಹಿಂದಿನ ಬೀದಿಗಳಿಗೋ ಬೊಮ್ಮನಹಳ್ಳಿ ಕಡೆಗೋ ಬೆಳಿಗ್ಗೆ ಬೇಗ ಹೋಗಿ ನೋಡಿ. ವಠಾರದ ಒಂದು ಮನೆ ಮುಂದೆ ಎಂಟು ಹತ್ತು ಹೆಂಗಸರು ಚಾಪೆ ಹಾಸಿ ಕೂತಿರುತ್ತಾರೆ. ಕಂಪನಿ ಹುಡುಗ ಬೈಕ್ ನಿಲ್ಲಿಸಿ, ಮೊಬೈಲ್ ನೋಡಿಕೊಂಡು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಕಾರ್ಡಿನೊಳಗೆ ಮಡಿಸಿಟ್ಟ ನೋಟು ಕೈ ಬದಲಾಗುತ್ತವೆ. ಒಬ್ಬಳು ಬಂದಿಲ್ಲ. ಅವಳ ಕಂತು ಬರುವವರೆಗೆ ಯಾರೂ ಏಳುವಂತಿಲ್ಲ. ಫ್ಯಾಕ್ಟರಿ ಬಸ್ಸಿಗೆ ಹೊತ್ತಾಗುತ್ತಿದೆ. ‘ಅವಳ ಮನೆ ಹತ್ರ ಹೋಗಿ ಕರ್ಕೊಂಡ್ ಬನ್ರಮ್ಮ’ ಅನ್ನುತ್ತಾನೆ. ಎದ್ದು ಹೋಗುವವರು ಅವಳ ಗೆಳತಿಯರೇ, ನಲ್ಲಿಯಲ್ಲಿ ಒಟ್ಟಿಗೆ ನೀರು ಹಿಡಿಯುವವರೇ. ಗುಂಪಿನ ಜಾಮೀನು ಅಂದರೆ ಇದು: ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕಷ್ಟದಲ್ಲಿ ಯಾರ ಹೆಗಲ ಮೇಲೆ ಅಳಬೇಕಿತ್ತೋ ಅವರನ್ನೇ ವಸೂಲಿಗೆ ಬಾಗಿಲಿಗೆ ಕಳಿಸುವ ಪದ್ಧತಿ.

ಈ ವಾರದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ. ಅದರ ಕಂತಿಗೆ ಮತ್ತೊಂದು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಕಿರುಕುಳ ತಾಳಲಾರದೆ ಮಾಂಗಲ್ಯವನ್ನೇ ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ಕಳಿಸಿದರು. ರಾಜ್ಯ ಎಚ್ಚೆತ್ತದ್ದು ಆಗ. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ.

ವಸೂಲಿಗೆ ಬರುವವರು ಏನು ಮಾಡುವಂತಿಲ್ಲ?

ಇದನ್ನು ಎಲ್ಲರೂ ತಿಳಿದಿರಬೇಕು. ಮೇಲೆ ಹೇಳಿದ ಸಂಘದ ಸಾಲದಂಥ ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಇದು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ, ಜತೆ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ. ಹೆಸರು ಹಾಕಿ ಮಾನ ಕಳೆಯುವಂತಿಲ್ಲ. ವಸೂಲಿಯನ್ನು ಇಬ್ಬರೂ ಒಪ್ಪಿದ ಜಾಗದಲ್ಲೇ ಮಾಡಬೇಕು. ಸತತವಾಗಿ ಎರಡು ಸಲ ಅಥವಾ ಹೆಚ್ಚು ಬಾರಿ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೇರೆ ಸಾಲಗಳಿಗೆ ಕರೆಯ ಹೊತ್ತು ಬೆಳಿಗ್ಗೆ 8ರಿಂದ ಸಂಜೆ 7.

ನಿಯಮ ಮುರಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಸರಿಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ಮನೆ ಮುಂದೆ ಗಲಾಟೆ, ಬೆದರಿಕೆ ಆದರೆ ಕಾಯಬೇಡಿ, ಸೀದಾ 112ಕ್ಕೆ ಕರೆ ಮಾಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ 15100, ಅದು ಉಚಿತ ಕಾನೂನು ನೆರವಿನದು.

ಲೋನ್ ಆ್ಯಪ್‌ನವರು ಫೋಟೋ ತಿದ್ದಿ ಎಲ್ಲರಿಗೂ ಕಳಿಸುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ. ಈ ದಂಧೆ ನಡೆಯುವುದೇ ನೀವು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ ಅನ್ನುವ ನಂಬಿಕೆ ಮೇಲೆ. ನೀವೇ ಮುಂದಾಗಿ ಹತ್ತಿರದವರಿಗೆ ‘ನನ್ನ ಹೆಸರಲ್ಲಿ ಸುಳ್ಳು ಫೋಟೋ ಬರಬಹುದು, ತೆರೆಯಬೇಡಿ’ ಅಂತ ಮೆಸೇಜ್ ಹಾಕಿದರೆ ಅವರ ಕೈಯಲ್ಲಿರುವ ಅಸ್ತ್ರ ಅರ್ಧ ಮೊಂಡಾಗುತ್ತದೆ. ಬಂದ ಮೆಸೇಜು, ನಂಬರು, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ಬೆದರಿಕೆಗೆ ಹೆದರಿ ಇನ್ನಷ್ಟು ಕಟ್ಟಬೇಡಿ. ಒಮ್ಮೆ ಕಟ್ಟಿದರೆ ಮತ್ತೆ ಕೇಳುತ್ತಾರೆ.

ನಿಯಮದ ಪ್ರಕಾರ ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್, ಫೋಟೋ ಮುಟ್ಟುವಂತೆಯೇ ಇಲ್ಲ. ಕೇಳಿತು ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಗಂಡಸರೇ ಜಾಸ್ತಿ ಸಾಯುವುದು ಅನ್ನುತ್ತಾರೆ. ನಿಜವಾ?

ಸಂಖ್ಯೆಯಲ್ಲಿ ಹೌದು. 2021ರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಗಂಡಸರು. ದುಡಿದು ತರುವವನು ನಾನು, ನನ್ನಿಂದ ಆಗಲಿಲ್ಲ ಅನ್ನುವ ಕೊರಗು ಒಂದು ಕಡೆ. ಹೇಳಿಕೊಂಡರೆ ಗಂಡಸುತನಕ್ಕೆ ಕಮ್ಮಿ ಅನ್ನುವ ಮಾತು ಇನ್ನೊಂದು ಕಡೆ. ಅದಕ್ಕೆ ಕುಡಿತ ಸೇರಿದರೆ ಪರಿಸ್ಥಿತಿ ಬಲು ಬೇಗ ಕೈಮೀರುತ್ತದೆ.

ಆದರೆ ಹೆಣ್ಣುಮಕ್ಕಳ ಲೆಕ್ಕವನ್ನು ಬದಿಗಿಡಬೇಡಿ. ತೀರಿಕೊಂಡ 45,026 ಹೆಂಗಸರಲ್ಲಿ 23 ಸಾವಿರಕ್ಕೂ ಹೆಚ್ಚು ಜನ ಗೃಹಿಣಿಯರು. ಅರ್ಧಕ್ಕಿಂತ ಜಾಸ್ತಿ. ದಿನಕ್ಕೆ ಅರವತ್ತಕ್ಕೂ ಹೆಚ್ಚು. ಗಂಡನ ಕೆಲಸ ಹೋದರೆ ಮನೆಯ ಸಿಟ್ಟು ಬೀಳುವುದು ಇವರ ಮೇಲೆ. ಸಂಘದ ಸಾಲ ಇವರ ಹೆಸರಲ್ಲಿ, ಖರ್ಚು ಇನ್ನೊಬ್ಬರ ಕೈಯಲ್ಲಿ. ಮನೆಯೊಳಗೆ ಹೊಡೆತ ಬಡಿತ ಇದ್ದರೆ 181 ಮಹಿಳಾ ಸಹಾಯವಾಣಿ ಇದೆ.

ವಿದ್ಯಾರ್ಥಿಗಳ ವಿಷಯ?

2021ರಲ್ಲಿ 13,089 ವಿದ್ಯಾರ್ಥಿಗಳನ್ನು ಕಳಕೊಂಡೆವು. ಪರೀಕ್ಷೆಯ ಭಯ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಮಕ್ಕಳ ತಲೆಯಲ್ಲಿ ಇರುವುದು ಅಂಕದ ಚಿಂತೆಗಿಂತ ಅಪ್ಪ ಮಾಡಿದ ಸಾಲದ ಚಿಂತೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಆಗುತ್ತಿರುವ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ಮಾಡಿತು. ಜಾತಿ ತಾರತಮ್ಯವನ್ನೂ ದುಡ್ಡಿನ ಒತ್ತಡವನ್ನೂ ಒಂದು ಕಾರಣವಾಗಿ ನೋಡಬೇಕು ಅಂತ ಕೋರ್ಟೇ ಹೇಳಿದ್ದು ಸಣ್ಣ ವಿಷಯವಲ್ಲ.

ಬೇರೆ ದೇಶಗಳಲ್ಲಿ ಇದನ್ನು ತಗ್ಗಿಸಿದ್ದಾರಾ?

ತಗ್ಗಿಸಿದ್ದಾರೆ. ಜಪಾನ್ ನೋಡಿ. 1997ರಲ್ಲಿ ಅಲ್ಲಿ 24,391 ಆತ್ಮಹತ್ಯೆ. ಬ್ಯಾಂಕುಗಳು ಮುಳುಗಿ, ಕೆಲಸಗಳು ಹೋದ ಮರುವರ್ಷವೇ 32,863. ಒಂದೇ ವರ್ಷದಲ್ಲಿ ಎಂಟು ಸಾವಿರ ಜಾಸ್ತಿ. 2003ರಲ್ಲಿ 34,427ಕ್ಕೆ ಮುಟ್ಟಿತು. 2011ರವರೆಗೂ 30 ಸಾವಿರದ ಕೆಳಗೆ ಇಳಿಯಲೇ ಇಲ್ಲ.

ಇದನ್ನು ತಗ್ಗಿಸಲು ಏನು ಮಾಡಿದರು? 2006ರಲ್ಲಿ ಆತ್ಮಹತ್ಯೆ ತಡೆಗೆಂದೇ ಕಾನೂನು ತಂದರು. ಅದುವರೆಗೆ ‘ಅವರವರ ವೈಯಕ್ತಿಕ ವಿಷಯ’ ಅಂತಿದ್ದದ್ದು ಸರ್ಕಾರದ ಜವಾಬ್ದಾರಿಯಾಯಿತು. ಲೇವಾದೇವಿ ಕಾನೂನು ಬಿಗಿ ಮಾಡಿದರು. 2010ರಿಂದ ಬಡ್ಡಿಗೆ ಶೇ 20ರ ಮಿತಿ ಬಂತು. ಲೇವಾದೇವಿ ಕಂಪನಿಗಳು ಒಬ್ಬರಿಗೆ ಅವರ ವರ್ಷದ ಆದಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ ಅಂತಾಯಿತು. ಉದ್ಯೋಗ ಕಚೇರಿಗಳಲ್ಲಿ ಕೆಲಸ ಹುಡುಕಿಕೊಂಡು ಬಂದವರಿಗೆ ಅಲ್ಲೇ ಸಾಲದ ಸಲಹೆ, ಮನಸ್ಸಿನ ಸಲಹೆ ಕೊಡುವ ಏರ್ಪಾಡು ಶುರು ಮಾಡಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕೆಲಸ ಕಳಕೊಂಡವನು ಮಾನಸಿಕ ಆಸ್ಪತ್ರೆಗೆ ತಾನಾಗಿ ಹೋಗುವುದಿಲ್ಲ, ಕೆಲಸ ಹುಡುಕಲು ಹೋಗೇ ಹೋಗುತ್ತಾನೆ. 2012ರಲ್ಲಿ ಲೆಕ್ಕ 27,858ಕ್ಕೆ ಬಂತು, 2023ರಲ್ಲಿ 21,837.

ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳ ಕೈಗೆ ಸರ್ಕಾರ ನೇರವಾಗಿ ದುಡ್ಡು ಕೊಡುವ ಯೋಜನೆ ಬಂದ ಕಡೆ ಆತ್ಮಹತ್ಯೆ ಶೇ 18ರಷ್ಟು ತಗ್ಗಿದ್ದನ್ನು ಸಂಶೋಧಕರು 2019ರಲ್ಲಿ ತೋರಿಸಿದರು. ಯುರೋಪಿನ ದೇಶಗಳ ಮೇಲೆ 2009ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನಿರುದ್ಯೋಗ ಶೇ 1ರಷ್ಟು ಏರಿದರೆ 65ಕ್ಕಿಂತ ಕಡಿಮೆ ವಯಸ್ಸಿನವರ ಆತ್ಮಹತ್ಯೆ ಶೇ 0.79 ಏರುತ್ತದೆ. ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಿಕೊಡಲು ಚೆನ್ನಾಗಿ ಖರ್ಚು ಮಾಡುವ ದೇಶಗಳಲ್ಲಿ ಈ ನಂಟು ಸಡಿಲವಾಗುತ್ತದೆ. ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿಯನ್ನೋ ಗಿಗ್ ಕಾರ್ಮಿಕರಿಗೆ 2025ರಲ್ಲಿ ಕರ್ನಾಟಕ ತಂದ ಭದ್ರತಾ ಕಾಯ್ದೆಯನ್ನೋ ಬರೀ ‘ಬಿಟ್ಟಿ ಭಾಗ್ಯ’ದ ಜಗಳದಲ್ಲಿ ಮುಗಿಸಬೇಡಿ. ಬಡ ಮನೆಗೆ ಗ್ಯಾರಂಟಿಯಾಗಿ ಬರುವ ಸಣ್ಣ ದುಡ್ಡೂ ಜೀವ ಹಿಡಿದು ನಿಲ್ಲಿಸಬಲ್ಲದು.

ಆತ್ಮಹತ್ಯೆಗೆ ಪ್ರಯತ್ನಿಸಿದವರ ಮೇಲೆ ಕೇಸ್ ಆಗುತ್ತದಾ?

ಈ ಹೆದರಿಕೆಯಿಂದ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವವರು ಈಗಲೂ ಇದ್ದಾರೆ. ತಡಮಾಡಬೇಡಿ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷಿಸುವಂತಿಲ್ಲ. ಅವರ ಆರೈಕೆ ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಮಾಡುವ ಪ್ರಯತ್ನಕ್ಕೆ ಮಾತ್ರ ಬೇರೆ ಸೆಕ್ಷನ್ ಇದೆ. ಇನ್ನೊಬ್ಬರನ್ನು ಆತ್ಮಹತ್ಯೆಗೆ ದೂಡುವುದು ಈಗಲೂ ಅಪರಾಧ, 108ನೇ ಸೆಕ್ಷನ್.

ಸಾಲದಲ್ಲಿರುವ ಗೆಳೆಯ ಮಂಕಾಗಿದ್ದಾನೆ. ಹೇಗೆ ಕೇಳಲಿ?

ನೇರವಾಗಿ ಕೇಳಿ. ‘ಸಾಯಬೇಕು ಅಂತ ಏನಾದರೂ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ. ‘ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ’ ಅನ್ನುವುದು, ಇದ್ದಕ್ಕಿದ್ದಂತೆ ವಸ್ತುಗಳನ್ನು ಹಂಚುವುದು, ಲೆಕ್ಕಪತ್ರ ಒಪ್ಪಿಸುವುದು, ಫೋನ್ ತೆಗೆಯದಿರುವುದು, ಕುಡಿತ ಜಾಸ್ತಿಯಾಗುವುದು, ತುಂಬಾ ದಿನ ಕುಗ್ಗಿದ್ದವನು ಏಕಾಏಕಿ ನಿರಾಳವಾಗುವುದು. ಇವು ಕಂಡರೆ ಒಂಟಿಯಾಗಿ ಬಿಡಬೇಡಿ.

‘ಹೆಂಡ್ತಿ ಮಕ್ಕಳ ಮುಖ ನೋಡೋ’, ‘ನಿನಗಿಂತ ಕಷ್ಟದಲ್ಲಿ ಇರೋರು ಎಷ್ಟು ಜನ ಇಲ್ಲ’ ಅನ್ನಬೇಡಿ. ಅವನ ತಪ್ಪಿತಸ್ಥ ಭಾವ ಇನ್ನೂ ಹೆಚ್ಚುತ್ತದೆ. ‘ಬಾ, ಎಲ್ಲಾ ಸಾಲ ಒಂದು ಹಾಳೆಯಲ್ಲಿ ಬರೆಯೋಣ’ ಅನ್ನಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ. ತಲೆಯೊಳಗೆ ಕೊನೆಯೇ ಕಾಣದಿದ್ದ ಮೊತ್ತಕ್ಕೆ ಹಾಳೆ ಮೇಲೆ ಒಂದು ಕೊನೆ ಇರುತ್ತದೆ. ಕೈಗೆ ಸುಲಭವಾಗಿ ಸಿಗುವ ಅಪಾಯದ ವಸ್ತುಗಳನ್ನು ಮನೆಯಿಂದ ಸದ್ಯಕ್ಕೆ ದೂರ ಇಡಿಸಿ. ಆ ತೀವ್ರ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ.

14416ಕ್ಕೆ ಕರೆ ಮಾಡಿದರೆ ಏನಾಗುತ್ತದೆ? ಅವರೇನು ಸಾಲ ತೀರಿಸುತ್ತಾರಾ?

ಸಾಲ ತೀರಿಸುವುದಿಲ್ಲ, ನಿಜ. ಈ ಪ್ರಶ್ನೆಯಲ್ಲಿರುವ ಸಿಟ್ಟೂ ನನಗೆ ಅರ್ಥವಾಗುತ್ತದೆ. ಭಾಷೆ ಆರಿಸಿಕೊಂಡ ಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ ಕೊಡುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆ ಹೇಳುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಿಮ್ಹಾನ್ಸ್‌ನ ತುರ್ತು ವಿಭಾಗವೂ ದಿನದ 24 ಗಂಟೆ ತೆರೆದಿರುತ್ತದೆ.

ನಿದ್ದೆಯಿಲ್ಲದೆ, ಊಟ ಸೇರದೆ, ಖಿನ್ನತೆಯಲ್ಲಿ ಮುಳುಗಿದ ತಲೆಗೆ ಸಾಲದಿಂದ ಹೊರಬರುವ ದಾರಿ ಇದ್ದರೂ ಕಾಣುವುದಿಲ್ಲ. ಚಿಕಿತ್ಸೆ ಆ ದಾರಿ ಕಾಣುವಷ್ಟು ಶಕ್ತಿ ಕೊಡುತ್ತದೆ. ಆದರೆ ಮಾತ್ರೆ ಕೊಟ್ಟು ಅದೇ ಮೀಟರ್ ಬಡ್ಡಿಯವನ ಮುಂದೆ ವಾಪಸ್ ಕಳಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಹಾನಗರಗಳಲ್ಲಿ ಮಾನಸಿಕ ತೊಂದರೆ ಶೇ 13.5, ಹಳ್ಳಿಗಳಲ್ಲಿ ಶೇ 6.9 ಇತ್ತು. ನಗರದ ಪ್ರತಿ ಸರ್ಕಾರಿ ಕ್ಲಿನಿಕ್‌ನಲ್ಲಿ ‘ನಿದ್ದೆ ಬರುತ್ತಿದೆಯಾ?’ ಜತೆಗೆ ‘ಸಾಲ ಇದೆಯಾ, ಯಾರಾದರೂ ಕಾಟ ಕೊಡುತ್ತಿದ್ದಾರಾ?’ ಅಂತಲೂ ಕೇಳಬೇಕು. ಹೌದು ಅಂದರೆ ಕಾನೂನು ನೆರವಿನವರ ಹತ್ತಿರ ಕಳಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ನಮ್ಮ ಮನೆಯಲ್ಲೇ ಒಬ್ಬರನ್ನು ಕಳಕೊಂಡಿದ್ದೇವೆ. ನಾವೇನು ಮಾಡಬೇಕು?

ನಿಮ್ಮ ತಪ್ಪು ಹುಡುಕುವುದನ್ನು ನಿಲ್ಲಿಸಲು ನಿಮಗೆ ಆಗುವುದಿಲ್ಲ ಅಂತ ಗೊತ್ತು. ಆ ಕೊರಗನ್ನು ಒಬ್ಬರೇ ಹೊರಬೇಡಿ. 14416 ನಿಮಗೂ ಇದೆ. ತಿಥಿ ಮುಗಿದ ಮೇಲೆ ಜನ ಬರುವುದು ನಿಲ್ಲುತ್ತದೆ, ಆಮೇಲಿನ ತಿಂಗಳುಗಳೇ ಹೆಚ್ಚು ಕಷ್ಟದವು. ಆಗ ಬಂದು ಹೋಗಲು ಇಬ್ಬರನ್ನಾದರೂ ಈಗಲೇ ಕೇಳಿಕೊಳ್ಳಿ. ಮಕ್ಕಳಿಗೆ ‘ಊರಿಗೆ ಹೋಗಿದ್ದಾರೆ’ ಅಂತ ಸುಳ್ಳು ಹೇಳಬೇಡಿ. ವಯಸ್ಸಿಗೆ ತಕ್ಕಂತೆ ನಿಜ ಹೇಳಿ, ನಿನ್ನಿಂದ ಆದದ್ದಲ್ಲ ಅಂತ ಮತ್ತೆ ಮತ್ತೆ ಹೇಳಿ.

ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಅವತ್ತೇ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಬಾಯಿಮಾತಲ್ಲೂ ಏನನ್ನೂ ಒಪ್ಪಿಕೊಳ್ಳಬೇಡಿ. ಕಿರುಕುಳ ಇತ್ತು ಅನ್ನುವುದಕ್ಕೆ ಕರೆ, ಮೆಸೇಜು, ಚೀಟಿ ಏನಿದ್ದರೂ ಅಳಿಸದೆ ಇಡಿ, ಫೋನ್ ಯಾರಿಗೂ ಕೊಡಬೇಡಿ. ಪೊಲೀಸರಿಗೆ ಹೇಳಿಕೆ ಕೊಡುವಾಗ ಮನೆ ಜಗಳದ ಹಿಂದೆ ಸಾಲ ಇತ್ತು, ಬಾಕಿ ಸಂಬಳ ಇತ್ತು ಅಂದರೆ ಅದನ್ನೂ ಹೇಳಿ, ಬರೆಸಿ. ಓದಿ ನೋಡಿದ ಮೇಲೆ ಸಹಿ ಮಾಡಿ.